ಇಪ್ಪತ್ತೈದು ಅಂಗುಲ

ಹೊಸ ಕೋಚ್ ಬಂದ ಮೊದಲ ವಾರವೇ ವಿಲ್ಬೆಕ್ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಗಾಳಿಯನ್ನು ನಿಷೇಧಿಸಿದ.

ಬೀಸುವ ಗಾಳಿಯನ್ನಲ್ಲ. ಅದನ್ನು ನೆಬ್ರಾಸ್ಕಾದಲ್ಲಿ ಯಾರಪ್ಪನಿಂದಲೂ ನಿಷೇಧಿಸಲು ಆಗುವುದಿಲ್ಲ. ಅವನು ನಿಷೇಧಿಸಿದ್ದು ಗಾಳಿಯ ಮಾತನ್ನು. ತಂಡದಲ್ಲಿ ಇನ್ನು ಮೇಲೆ ಯಾರಾದರೂ ಗಾಳಿಯ ಹೆಸರೆತ್ತಿದರೆ ಅವರು ಮೈದಾನಕ್ಕೆ ಒಂದು ಸುತ್ತು ಓಡಬೇಕು ಎಂದು ಅವನು ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ ಚೀಟಿ ಅಂಟಿಸಿದ. ಕೋಚ್‌ಗೂ ಇದೇ ನಿಯಮ ಎಂದು ಕೆಳಗೆ ಬರೆದಿದ್ದ. ಕಳೆದ ವರ್ಷ ಹತ್ತು ಆಟಗಳಲ್ಲಿ ಎಂಟನ್ನು ಸೋತದ್ದು ಗಾಳಿಯಿಂದ. ಅದರ ಹಿಂದಿನ ವರ್ಷ ಒಂಬತ್ತು ಸೋತದ್ದೂ ಗಾಳಿಯಿಂದಲೇ. ಆ ವರ್ಷ ಗಾಳಿ ಸ್ವಲ್ಪ ಜೋರಿತ್ತು. ಎದುರಾಳಿಗಳೂ ಅದೇ ಗಾಳಿಯಲ್ಲಿ ತಾನೇ ಆಡಿದ್ದು ಎಂದು ಕೇಳುವಷ್ಟು ಕೆಟ್ಟ ಬುದ್ಧಿ ಊರಿನಲ್ಲಿ ಯಾರಿಗೂ ಇರಲಿಲ್ಲ.

ಈ ಕೋಚ್‌ಗೆ ಇತ್ತು. ಅವನ ಹೆಸರು ಡೆಸ್ಮಂಡ್ ಪ್ರುಯಿಟ್. ಒಹಾಯೊದ ಒಂದು ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ರೇಖಾಗಣಿತ ಹೇಳಿಕೊಟ್ಟು, ಜೊತೆಗೆ ಅಲ್ಲಿನ ಹುಡುಗರಿಗೆ ಆಟವನ್ನೂ ಕಲಿಸಿ, ಈಗ ಇಲ್ಲಿಗೆ ಬಂದಿದ್ದ. ಬೇರೆ ಕೋಚ್‌ಗಳ ಕೊರಳಲ್ಲಿ ಸೀಟಿ ತೂಗುತ್ತದೆ. ಇವನ ಸೊಂಟದಲ್ಲಿ ಬಡಗಿಗಳ ಹಾಗೆ ಉಕ್ಕಿನ ಟೇಪು ತೂಗುತ್ತಿತ್ತು.

ತಂಡದ ಹೆಸರು ಪ್ರೇರಿ ಕೋಳಿಗಳು, ಅಂದರೆ ಆ ಕಡೆಯ ಹುಲ್ಲುಗಾವಲಿನ ಕಾಡುಕೋಳಿಗಳು. ಈ ಹೆಸರು ಇಟ್ಟವರು ಯಾರೆಂದು ಯಾರಿಗೂ ಗೊತ್ತಿಲ್ಲ, ನಮ್ಮ ಅಜ್ಜನೇ ಇಟ್ಟದ್ದು ಎಂದು ಹೇಳಿಕೊಳ್ಳಲು ಇದುವರೆಗೆ ಯಾವ ಮನೆಯವರೂ ಮುಂದೆ ಬಂದಿಲ್ಲ. ಆಗಸ್ಟಿನಲ್ಲಿ ಸುತ್ತಲ ಎಂಟು ಕಾಲೇಜುಗಳ ಕೋಚ್‌ಗಳು ಸೇರಿ, ಬರುವ ಋತುವಿನಲ್ಲಿ ಯಾರು ಮೊದಲು, ಯಾರು ಕೊನೆ ಎಂದು ಮತ ಹಾಕುತ್ತಾರೆ. ಪಟ್ಟಿ ಪೇಪರಿನಲ್ಲಿ ಬರುತ್ತದೆ. ವಿಲ್ಬೆಕ್ ಎಂಟನೆಯದು. ಹಳೆಯ ಕೋಚ್ ಪ್ರತಿ ವರ್ಷ ಅದನ್ನು ನೋಡಿ "ಮೇಲಕ್ಕೆ ಹೋಗೋಕೆ ಎಷ್ಟೊಂದು ಜಾಗ ಇದೆ ನೋಡ್ರಪ್ಪ" ಅನ್ನುತ್ತಿದ್ದ. ಹೊಸ ಕೋಚ್ ಪಟ್ಟಿಯನ್ನು ಓದಿ ಮಡಿಸಿ ಜೇಬಿಗಿಟ್ಟುಕೊಂಡು, ಹೊರಗೆ ಹೋಗಿ ಮೈದಾನದ ಅಗಲ ಅಳೆದ.

ಅಗಲ ಸರಿಯಾಗಿತ್ತು. ಸಾಮಾನು ಕೋಣೆಯ ಕಿಟಕಿಯಿಂದ ನೋಡುತ್ತಿದ್ದ ಆರ್ಲಿನ್ ಕುಬಿಕ್ ಒಂದು ಹೆಜ್ಜೆ ಹಿಂದೆ ಸರಿದ. ಅಗಲ ಅಳೆದವನು ಇವತ್ತಲ್ಲ ನಾಳೆ ಉದ್ದವನ್ನೂ ಅಳೆಯುತ್ತಾನೆ.

ಆರ್ಲಿನ್‌ಗೆ ಅರವತ್ತೊಂದು ವರ್ಷ. ಮೂವತ್ತೊಂದು ವರ್ಷದಿಂದ ಆ ಮೈದಾನದ ಹುಲ್ಲು ಕತ್ತರಿಸುವವನು, ಬಿಳಿ ಗೆರೆ ಎಳೆಯುವವನು ಅವನೇ. ಈ ಅಮೆರಿಕನ್ ಫುಟ್‌ಬಾಲಿನಲ್ಲಿ ಗೆರೆ ಎಳೆಯುವುದು ಸಣ್ಣ ಕೆಲಸವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಎದುರು ನಿಂತ ಹನ್ನೊಂದು ಜನರನ್ನು ಸೀಳಿಕೊಂಡು ಮುಂದೆ ಹೋಗಬೇಕು. ನಾಲ್ಕು ಯತ್ನದಲ್ಲಿ ಹತ್ತು ಗಜ ದಾಟಿದರೆ ಇನ್ನೂ ನಾಲ್ಕು ಯತ್ನ ಸಿಗುತ್ತವೆ, ಇಲ್ಲವಾದರೆ ಚೆಂಡು ಅವರ ಪಾಲು. ಇಡೀ ಆಟವೇ ಗಜದ ಜಗಳ. ಮೈದಾನ ನೂರು ಗಜ, ಐದೈದು ಗಜಕ್ಕೆ ಒಂದೊಂದು ಗೆರೆ, ನಟ್ಟನಡುವಿನದು ಐವತ್ತರದು, ಅಲ್ಲಿಂದ ಎರಡೂ ತುದಿಯ ಕಡೆಗೆ ಇಳಿಯುವ ಲೆಕ್ಕ, ಆ ಗೆರೆ ಎಲ್ಲಿದೆಯೋ ಅಲ್ಲೇ ಸತ್ಯ.

ಆರ್ಲಿನ್ ಸತ್ಯವನ್ನು ಒಂದು ಹಗ್ಗದಿಂದ ಅಳೆಯುತ್ತಿದ್ದ. ಅವನಿಗಿಂತ ಮುಂಚೆ ಆ ಕೆಲಸದಲ್ಲಿದ್ದ ಮುದುಕ ಏಮಿಲ್ ಕೊಟ್ಟುಹೋದ ಹಗ್ಗ, ಐದು ಗಜಕ್ಕೊಂದರಂತೆ ಕೆಂಪು ಬಟ್ಟೆಯ ಚೂರು ಕಟ್ಟಿದ್ದು. ದಕ್ಷಿಣದ ತುದಿಯಲ್ಲಿ ಗೂಟ ಹೊಡೆದು ಉತ್ತರಕ್ಕೆ ಬಿಗಿಯಾಗಿ ಎಳೆದರೆ ಆಯಿತು, ಬಟ್ಟೆ ಇದ್ದಲ್ಲಿ ಗೆರೆ. ಅವನು ಕೆಲಸಕ್ಕೆ ಸೇರಿದ ಮರು ವರ್ಷ, ತೊಂಬತ್ತನಾಲ್ಕರ ಆಗಸ್ಟಿನಲ್ಲಿ, ಮೊದಲ ಆಟದ ಹಿಂದಿನ ದಿನ, ಅದೇ ಹಗ್ಗದ ಮೇಲೆ ಹುಲ್ಲು ಕತ್ತರಿಸುವ ಯಂತ್ರವನ್ನು ಅವನೇ ಹತ್ತಿಸಿದ. ಉತ್ತರದ ಮೂವತ್ತರ ಬಟ್ಟೆಗೂ ಇಪ್ಪತ್ತೈದರ ಬಟ್ಟೆಗೂ ನಡುವೆ ಹಗ್ಗ ತುಂಡಾಯಿತು. ಎರಡೂ ತುದಿ ಹಿಡಿದು ಗಂಟು ಹಾಕಿದ. ಗೂಳಿಯನ್ನು ಕಟ್ಟಿದರೂ ಬಿಚ್ಚದಂಥ ದಪ್ಪ ಗಂಟು. ಸೋಮವಾರ ಹೊಸ ಹಗ್ಗ ತಂದರಾಯಿತು ಅಂದುಕೊಂಡ.

ಆ ಸೋಮವಾರ ಇನ್ನೂ ಬಂದಿಲ್ಲ. ಗಂಟು ಹಗ್ಗವನ್ನು ತಿನ್ನುತ್ತದೆ ಎಂಬುದು ಬೂಟಿನ ಲೇಸು ಕಟ್ಟುವ ಮಗುವಿಗೂ ಗೊತ್ತು, ಆರ್ಲಿನ್‌ಗೂ ಗೊತ್ತಿತ್ತು. ಎಷ್ಟು ತಿಂದಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಮೂವತ್ತು ವರ್ಷ ಅವನು ಆ ಜಾಗವನ್ನು ಅಳೆಯಲಿಲ್ಲ. ಅಳೆದರೆ ಗೊತ್ತಾಗಿಬಿಡುತ್ತದೆ, ಗೊತ್ತಾದರೆ ಯಾರಿಗಾದರೂ ಹೇಳಬೇಕಾಗುತ್ತದೆ, ಹೇಳಿದರೆ ಅದು ಲೈಲ್‌ನ ಕಿವಿಗೆ ಬೀಳುತ್ತದೆ.

ಲೈಲ್ ಸ್ಟೋಸ್, ಆರ್ಲಿನ್‌ನ ಹೆಂಡತಿ ಲವಾನ್‌ಳ ತಮ್ಮ. ವಿಲ್ಬೆಕ್ ಕಾಲೇಜಿನ ಚರಿತ್ರೆಯಲ್ಲಿ ಒಂದೇ ಋತುವಿನಲ್ಲಿ ಸಾವಿರ ಗಜ ಓಡಿದವನು ಅವನೊಬ್ಬನೇ. ಸಾವಿರದ ಎರಡಲ್ಲ, ಸಾವಿರದ ಹತ್ತಲ್ಲ, ಸರಿಯಾಗಿ ಸಾವಿರ. ತೊಂಬತ್ತನಾಲ್ಕರ ನವೆಂಬರಿನ ಕೊನೆಯ ಆಟ, ಕೊನೆಯ ನಿಮಿಷ, ನಲವತ್ತೊಂದಕ್ಕೆ ಸೊನ್ನೆಯಲ್ಲಿ ಸೋಲುತ್ತಿದ್ದರು. ಲೈಲ್‌ನ ಲೆಕ್ಕ ಒಂಬೈನೂರ ತೊಂಬತ್ತೈದರಲ್ಲಿ ನಿಂತಿತ್ತು. ಉತ್ತರದ ಮೂವತ್ತರ ಗೆರೆಯ ಮೇಲೆ ಅವನ ಕೈಗೆ ಚೆಂಡು ಕೊಟ್ಟರು. ಅವನು ಮೂರು ಜನರನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಿ ಇಪ್ಪತ್ತೈದರ ಗೆರೆಯ ಮೇಲೆ ಚೆಂಡಿನ ಸಮೇತ ಕವುಚಿ ಬಿದ್ದ. ಗೆರೆಯಿಂದ ಗೆರೆಗೆ ಐದು ಗಜ. ಸೋತ ಊರು ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಯಿತು. ಗೆದ್ದವರು ಏನಾಯಿತೆಂದು ಗೊತ್ತಾಗದೆ ನಿಂತು ನೋಡಿದರು.

ಆ ಮೂವತ್ತರಿಂದ ಇಪ್ಪತ್ತೈದರವರೆಗಿನ ಜಾಗವೇ ಗಂಟಿನ ಜಾಗ.

ಊರ ನೀರಿನ ಟ್ಯಾಂಕಿನ ಮೇಲೆ "ಸಾವಿರ ಗಜದ ಲೈಲ್‌ನ ಊರು" ಎಂದು ಬರೆದಿದೆ. ಕೆಫೆಯಲ್ಲಿ ಕೊಡುವ, ಮಾಂಸ ಬೀನ್ಸು ಹಾಕಿದ ಖಾರದ ಚಿಲಿಗೂ, ಅದರ ಜೊತೆ ಬರುವ ದಾಲ್ಚಿನ್ನಿ ರೋಲಿಗೂ ಸೇರಿ "ಸಾವಿರ" ಎಂದು ಹೆಸರು. ಲೈಲ್ ರೈತರಿಗೆ ಆಲಿಕಲ್ಲಿನ ವಿಮೆ ಮಾರುತ್ತಾನೆ. ಮದುವೆ ನಿಲ್ಲಲಿಲ್ಲ, ಒಂದು ಮಂಡಿಗೆ ಎರಡು ಸಲ ಆಪರೇಷನ್ ಆಗಿದೆ. ಬೆಳಿಗ್ಗೆ ಎದ್ದರೆ ಅವನು ಮೊದಲು ಆ ಸಾವಿರವನ್ನು ತೊಟ್ಟುಕೊಂಡು ಆಮೇಲೆ ಪ್ಯಾಂಟು ಹಾಕಿಕೊಳ್ಳುವವನು. ಜಂಬದವನಲ್ಲ. ತನಗೆ ಒಂದು ಒಳ್ಳೆಯದಾಗಿದೆ ಎಂದು ತಿಳಿದವನ ನೆಮ್ಮದಿ ಅವನ ಮುಖದಲ್ಲಿತ್ತು, ಆರ್ಲಿನ್‌ಗೆ ಆ ಮುಖ ಕಂಡರೆ ಪ್ರೀತಿ. ತನ್ನ ಕೈಯಾರೆ ಅದನ್ನು ಕೆಡಿಸುವುದಕ್ಕಿಂತ ಇನ್ನೂ ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡಿರಲು ಅವನು ತಯಾರಿದ್ದ.

ಈ ಶನಿವಾರ ಋತುವಿನ ಮೊದಲ ಆಟ. ಸಾವಿರ ಗಜಕ್ಕೆ ಈ ಋತುವಿಗೆ ಮೂವತ್ತು ವರ್ಷ ತುಂಬುವುದಕ್ಕೆ ಆಟದ ನಡುವಿನ ವಿರಾಮದಲ್ಲಿ ಲೈಲ್‌ನನ್ನು ಆ ಇಪ್ಪತ್ತೈದರ ಗೆರೆಯವರೆಗೆ ನಡೆಸಿಕೊಂಡು ಹೋಗುವುದೆಂದು ಕಾಲೇಜು ತೀರ್ಮಾನಿಸಿತ್ತು. ಗೆರೆಯ ತುದಿಯಲ್ಲಿ, ಮೈದಾನದ ಅಂಚಿಗೆ, ಹಿತ್ತಾಳೆಯ ಫಲಕವೊಂದನ್ನು ಸಿಮೆಂಟಿನಲ್ಲಿ ಕೂರಿಸಿಯಾಗಿತ್ತು. ಕೂರಿಸಿದವನು ಆರ್ಲಿನ್.

ಸೋಮವಾರ ಅಭ್ಯಾಸದಲ್ಲಿ ಎಡವಟ್ಟಾಯಿತು. ಹೊಸ ಕೋಚ್‌ನ ಆಟವೆಲ್ಲ ಹೆಜ್ಜೆಯ ಲೆಕ್ಕ. ಇಷ್ಟು ಹೆಜ್ಜೆ ಓಡು, ಇಲ್ಲಿ ತಿರುಗು, ಚೆಂಡು ಅಲ್ಲಿಗೇ ಬರುತ್ತದೆ. ದಕ್ಷಿಣದಲ್ಲಿ ಬರುತ್ತಿತ್ತು. ಉತ್ತರದಲ್ಲಿ, ಇಪ್ಪತ್ತೈದರ ಗೆರೆ ನೋಡಿಕೊಂಡು ತಿರುಗಿದ ಹುಡುಗರ ತಲೆಯ ಮೇಲೆ ಹೋಗುತ್ತಿತ್ತು, ಪ್ರತಿ ಸಲವೂ, ಒಂದೇ ಅಳತೆಗೆ.

"ಕೋಚ್, ಅದು ಗಾ—" ಎಂದ ಒಬ್ಬ ಹುಡುಗ ನಾಲಿಗೆ ಕಚ್ಚಿಕೊಂಡ.

ಕೋಚ್ ಬಗ್ಗಿ ಒಂದು ಚಿಟಿಕೆ ಹುಲ್ಲು ಕಿತ್ತು ಮೇಲಿಂದ ಬಿಟ್ಟ. ಹುಲ್ಲು ನೇರವಾಗಿ ಬೂಟಿನ ಮೇಲೆ ಬಿತ್ತು. ಅವನು ಸಾಮಾನು ಕೋಣೆಯ ಕಡೆ ತಿರುಗಿದ.

"ಮಿಸ್ಟರ್ ಕುಬಿಕ್, ಈ ಟೇಪಿನ ಒಂದು ತುದಿ ಹಿಡ್ಕೋತೀರಾ?"

ಆರ್ಲಿನ್ ಬಂದ. "ಈ ಕಡೆ ಯಾವಾಗ್ಲೂ ಸ್ವಲ್ಪ ಗಾಳಿ ಜಾಸ್ತಿ, ಕೋಚ್," ಅಂದುಬಿಟ್ಟ.

ಕೋಚ್ ಅವನ ಮುಖ ನೋಡಿದ.

"ಅಳತೆ ಆದ್ಮೇಲೆ ಓಡಿ," ಎಂದ.

ಆರ್ಲಿನ್ ಮೂವತ್ತರ ಗೆರೆಯ ಮೇಲೆ ತುದಿ ಹಿಡಿದ. ಕೋಚ್ ಇಪ್ಪತ್ತೈದಕ್ಕೆ ಹೋಗಿ ಮಂಡಿಯೂರಿದ, ಎರಡು ಸಲ ಓದಿದ. ಹುಡುಗರನ್ನು ನೀರು ಕುಡಿಯಲು ಕಳಿಸಿ ಹತ್ತಿರ ಬಂದ.

"ಹದಿನೈದು ಅಡಿ ಇರಬೇಕು. ಹನ್ನೆರಡು ಅಡಿ ಹನ್ನೊಂದು ಅಂಗುಲ ಇದೆ."

"ಹೂಂ."

"ಇಪ್ಪತ್ತೈದು ಅಂಗುಲ ಎಲ್ಲಿ ಹೋಯ್ತು?"

"ಗಂಟಲ್ಲಿದೆ," ಎಂದ ಆರ್ಲಿನ್.

ಒಳಗೆ ಕರೆದುಕೊಂಡು ಹೋಗಿ ಹಗ್ಗ ತೋರಿಸಿದ. ಗಂಟು ಮೂವತ್ತು ವರ್ಷದ ಸುಣ್ಣ ಬಣ್ಣ ಕುಡಿದು ಕಲ್ಲಾಗಿತ್ತು. ಮೂವತ್ತು ವರ್ಷ ನುಂಗಿಕೊಂಡಿದ್ದ ಮಾತು ಒಂದು ಸಲ ಹೊರಗೆ ಬಂದಿತೆಂದು ಉಳಿದದ್ದನ್ನೂ ಹೇಳಿಬಿಟ್ಟ: ಲೈಲ್, ಕೊನೆಯ ನಿಮಿಷ, ಗೆರೆಯಿಂದ ಗೆರೆಗೆ. ಕೋಚ್ ನೀರಿನ ಟ್ಯಾಂಕನ್ನು ನೋಡಿದ್ದ. ಅದನ್ನು ನೋಡದೆ ಯಾರೂ ಆ ಊರಿಗೆ ಬರಲು ಆಗುವುದಿಲ್ಲ.

"ಆ ವರ್ಷದ ಬೇರೆ ಓಟಗಳೂ ಇಲ್ಲಿ ದಾಟಿರ್ತಾವಲ್ಲ, ಕೋಚ್?" ಆರ್ಲಿನ್ ಕೇಳಿದ.

"ಅವೆಲ್ಲ ಕಣ್ಣಂದಾಜು. ಅರ್ಧ ಗಜ ಆಚೆ, ಅರ್ಧ ಗಜ ಈಚೆ, ಯಾರೂ ಏನೂ ಹೇಳೋಕಾಗಲ್ಲ. ಕೊನೇದು ಮಾತ್ರ ಗೆರೆಯಿಂದ ಗೆರೆಗೆ." ರೇಖಾಗಣಿತದ ಮೇಷ್ಟರಿಗೆ ಲೆಕ್ಕ ಬಂದರೆ ತಡೆದುಕೊಳ್ಳಲು ಆಗುವುದಿಲ್ಲ. "ಒಂಬೈನೂರ ತೊಂಬತ್ತೊಂಬತ್ತು ಗಜ, ಹನ್ನೊಂದು ಅಂಗುಲ."

ಆರ್ಲಿನ್ ಹಗ್ಗವನ್ನು ಸುತ್ತಿ ಗೋಡೆಯ ಮೊಳೆಗೆ ನೇತುಹಾಕಿದ.

"ನಾನಾಗಿ ಯಾರಿಗೂ ಹೇಳಲ್ಲ," ಎಂದ ಕೋಚ್. "ಕೇಳಿದ್ರೆ ಸುಳ್ಳೂ ಹೇಳಲ್ಲ. ಗೆರೆ ಮಾತ್ರ ಶನಿವಾರದೊಳಗೆ ಸರಿಯಾಗ್ಬೇಕು."

ಗೆರೆ ಸರಿಯಾದರೆ ಹಿತ್ತಾಳೆಯ ಫಲಕ ಗೆರೆಗೆ ಇಪ್ಪತ್ತೈದು ಅಂಗುಲ ಹಿಂದೆ ಉಳಿಯುತ್ತದೆ. ಲೈಲ್ ಶನಿವಾರ ಊರೆಲ್ಲ ನೋಡುವಾಗ ಅಲ್ಲಿ ನಿಂತು ಕೆಳಗೆ ನೋಡುತ್ತಾನೆ. ಕುರುಡನಿಗೂ ಕಾಣುವಂಥ ವ್ಯತ್ಯಾಸ. ಆರ್ಲಿನ್ ಇದನ್ನೆಲ್ಲ ಮೈದಾನದ ಸುತ್ತ ಓಡುತ್ತಾ ಯೋಚಿಸಿದ. ರಸ್ತೆಯಲ್ಲಿ ಹೋಗುತ್ತಿದ್ದ ಪಾದ್ರಿ ಕಾರು ನಿಲ್ಲಿಸಿ, ಅರವತ್ತೊಂದರ ಮುದುಕ ಓಡುವುದನ್ನು ನೋಡಿ, ವಿಷಯ ಅರ್ಥ ಮಾಡಿಕೊಂಡು ಕೈ ಬೀಸಿ ಹೋದ. ಹಿಂದಿನ ವಾರ ಪ್ರಾರ್ಥನೆ ಮಾಡಿಸಲು ಬಂದಾಗ ಅವನೂ ಒಂದು ಸುತ್ತು ಓಡಿದ್ದ.

ಮನೆಯಲ್ಲಿ ಲವಾನ್ ಆಲೂಗಡ್ಡೆ ಸುಲಿಯುತ್ತಿದ್ದಳು. ಆಟದ ದಿನ ಅಂಚಿನ ಬೆಂಚಿನಲ್ಲಿ ಕೂತು, ಯಾರು ಎಷ್ಟು ಗಜ ಓಡಿದರು ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು ಮೂವತ್ತನಾಲ್ಕು ವರ್ಷದಿಂದ ಅವಳ ಕೆಲಸ. ಆ ಸಾವಿರವನ್ನೂ ಅವಳೇ ಬರೆದದ್ದು. ಆರ್ಲಿನ್ ಟೋಪಿ ತೆಗೆದು, ನಿಂತುಕೊಂಡೇ ಹೇಳಿದ.

"ನಾನು ಐದು ಅಂತ ಬರೆದಿದ್ದೆ," ಎಂದಳು ಲವಾನ್.

"ಹೂಂ."

"ಗೆರೆ ನೋಡಿ ಬರೆದಿದ್ದೆ."

"ಹೂಂ."

"ಗೆರೆ ಎಳೆದಿದ್ದು ನೀನು."

ಆ ಕಡೆಯ ಲೂಥರನ್ ಕ್ರೈಸ್ತರ ಮನೆಗಳಲ್ಲಿ ಕೋಪ ಬಂದರೆ ಕೂಗಾಡುವುದಿಲ್ಲ, ಪಾತ್ರೆ ತೊಳೆಯುತ್ತಾರೆ. ಲವಾನ್ ಎದ್ದು ಹೋಗಿ ಬೆಳಿಗ್ಗೆ ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಇನ್ನೊಂದು ಸಲ ತೊಳೆದಳು. ಆರ್ಲಿನ್ ಒರೆಸಲು ಬಟ್ಟೆ ತೆಗೆದುಕೊಂಡ. ಅವಳು ಅದನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಆ ಫಲಕ ಕಿತ್ತು ಆಚೆ ನೆಟ್ಟುಬಿಡು," ಎಂದಳು ಕೊನೆಗೆ.

"ಅದು ಕಿತ್ತು ಬರಲ್ಲ."

"ಯಾಕೆ ಬರಲ್ಲ? ಹಾಕಿದ್ದು ನೀನೇ ತಾನೆ?"

"ನಾನೇ ಹಾಕಿದ್ದಕ್ಕೇ ಹೇಳ್ತಿದೀನಿ. ಮೂರು ಅಡಿ ಸಿಮೆಂಟ್ ತುಂಬಿದೀನಿ."

"ಗೆರೆ ಒಂದು ಬಿಟ್ಟು ಬಾಕಿ ಎಲ್ಲಾ ಗಟ್ಟಿಯಾಗಿ ಮಾಡ್ತೀಯಾ ನೀನು," ಎಂದಳು ಲವಾನ್. ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡಳು. "ನಾಳೆ ಹೋಗಿ ಹೇಳು ಅವನಿಗೆ. ಇನ್ನೊಬ್ಬರ ಬಾಯಿಂದ ಕೇಳಬಾರದು ಅವನು. ನಾನಂತೂ ಹೇಳಲ್ಲ. ನಾನು ಹೇಳಿದ್ರೆ ಅಳ್ತೀನಿ."

ಮರುದಿನ ಆರ್ಲಿನ್ ಹೊರಟು, ದಾರಿಯಲ್ಲಿ ಮನಸ್ಸು ಬದಲಾಯಿಸಿ, ಯಂತ್ರದ ಎಣ್ಣೆ ಬದಲಾಯಿಸಿದ. ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ ಕೆಫೆಗೆ ಹೋದ. ಲೈಲ್ ತನ್ನ ಮಾಮೂಲಿ ಕುರ್ಚಿಯಲ್ಲಿ, ಮುಂದೆ ಒಂದು ಬಟ್ಟಲು ಸಾವಿರ ಇಟ್ಟುಕೊಂಡು ಕೂತಿದ್ದ.

"ಏನ್ ಮಾರಾಯ, ಸೋಮವಾರ ಓಡಿದ್ಯಂತೆ! ಊರೆಲ್ಲಾ ಮಾತಾಡ್ತಿದೆ. ಎಷ್ಟು ಹೊತ್ತು ತಗೊಂಡೆ, ಒಂದು ದಿನವಾ?"

"ಲೈಲ್, ನಿನ್ನ ಹತ್ರ ಒಂದು ವಿಷಯ ಹೇಳ್ಬೇಕು."

"ಶನಿವಾರದ ಸೂಟಿನ ವಿಷಯ ಆದ್ರೆ ಅಕ್ಕ ಆಗ್ಲೇ ಹೇಳಿದ್ಲು. ನೀಲಿದೇ ಹಾಕ್ಕೋತೀನಿ."

"ಸೂಟಲ್ಲ," ಎಂದು ಆರ್ಲಿನ್ ಕೂತ. ಕತ್ತರಿಸಿದ ಹಗ್ಗದಿಂದ ಶುರು ಮಾಡಿ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ, ಬಾಯಿಗೆ ಬರಲಿಲ್ಲ.

ಲೈಲ್ ಚಮಚ ಕೆಳಗಿಟ್ಟ. "ಎಷ್ಟು ಅಂದೆ?"

"ಇಪ್ಪತ್ತೈದು ಅಂಗುಲ."

ಲೈಲ್ ಎರಡೂ ಕೈ ಎತ್ತಿ ಗಾಳಿಯಲ್ಲಿ ಅಷ್ಟುದ್ದ ಹಿಡಿದ. ಆಮೇಲೆ ಕೈಗಳನ್ನು ಹಾಗೇ ಇಳಿಸಿ ಮೇಜಿನ ಎರಡು ಅಂಚಿಗೆ ಹಿಡಿದು ನೋಡಿದ. ಮೇಜಿನ ಅಗಲ ಹೆಚ್ಚುಕಮ್ಮಿ ಅಷ್ಟೇ ಇತ್ತು.

"ಮೂವತ್ತು ವರ್ಷ ಈ ಮೇಜಲ್ಲಿ ನನ್ನ ಎದುರಿಗೆ ಕೂತು ಚಿಲಿ ತಿಂದಿದೀಯಾ," ಎಂದ.

"ತಿಂದಿದೀನಿ."

"ಇದರ ಹೆಸರು ಸಾವಿರ."

"ಗೊತ್ತು."

"ಹೆಂಗಿತ್ತು ರುಚಿ?"

ಆರ್ಲಿನ್ ಪ್ರಾಮಾಣಿಕವಾಗಿ ಯೋಚಿಸಿದ. "ಉಪ್ಪು ಒಂಚೂರು ಮುಂದೆ."

ಲೈಲ್ ಎದ್ದು ಟೋಪಿ ಹಾಕಿಕೊಂಡು ಹೊರಟುಹೋದ. ದಾಲ್ಚಿನ್ನಿ ರೋಲು ತಟ್ಟೆಯಲ್ಲಿ ಹಾಗೇ ಇತ್ತು. ಮದುವೆ ಮುರಿದ ದಿನವೂ ಲೈಲ್ ರೋಲು ಬಿಟ್ಟು ಎದ್ದವನಲ್ಲ. ಅದನ್ನು ನೋಡಿ ಆರ್ಲಿನ್‌ಗೆ ಕಣ್ಣು ತುಂಬಿ ಬಂತು. ಕೆಫೆಯವಳು ಬಂದು "ಇದನ್ನ ಕಟ್ಟಿಕೊಡ್ಲಾ?" ಎಂದು ಕೇಳಿದಳು. ಅವನು ಲೈಲ್‌ನ ಊಟದ ದುಡ್ಡು ಮೇಜಿನ ಮೇಲಿಟ್ಟು ಎದ್ದ.

ಗುರುವಾರ ಬೆಳಿಗ್ಗೆ ಆರ್ಲಿನ್ ಹೊಸ ಉಕ್ಕಿನ ಟೇಪು ಹಿಡಿದು ಉತ್ತರದ ಗೆರೆಗಳನ್ನೆಲ್ಲ ಸರಿಯಾದ ಜಾಗದಲ್ಲಿ ಎಳೆದ. ಹಳೆಯ ಇಪ್ಪತ್ತೈದರ ಗೆರೆಗೆ ಹಸಿರು ಬಣ್ಣ ಬಳಿದರೂ ಅದು ಒಳಗಿಂದ ಮಾಸಲಾಗಿ ಕಾಣುತ್ತಲೇ ಇತ್ತು. ಹೊಸ ಗೆರೆ ಅದರ ಮುಂದೆ ಬೆಳ್ಳಗೆ ಹೊಳೆಯುತ್ತಿತ್ತು. ಫಲಕ ಹಳೆಯದರ ಪಕ್ಕದಲ್ಲಿ ಬಿಸಿಲಿಗೆ ಮಿಂಚುತ್ತಾ, ತಾನು ಹೇಳುತ್ತಿರುವುದು ಸುಳ್ಳೆಂಬ ಅರಿವಿಲ್ಲದೆ ನಿಂತಿತ್ತು.

ಮಧ್ಯಾಹ್ನ ಅಭ್ಯಾಸದ ಹೊತ್ತಿಗೆ ಲೈಲ್ ಬಂದ. ಆಟದ ಹಳೆಯ ಬೂಟು ಹಾಕಿದ್ದ. ಹಳೆಯ ಅಂಗಿ ಹೊಟ್ಟೆಯ ಮೇಲೆ ಇಳಿಯದೆ ಎದೆಯ ಹತ್ತಿರವೇ ನಿಂತಿತ್ತು. ಅವನ ಹಿಂದೆ ಲವಾನ್, ಬಗಲಲ್ಲಿ ಅವಳ ಪುಸ್ತಕ, ಕಿವಿಯ ಸಂದಿಯಲ್ಲಿ ಪೆನ್ಸಿಲು. ಅವಳು ಆರ್ಲಿನ್ ಕಡೆ ನೋಡದೆ ಬೆಂಚಿಗೆ ಹೋಗಿ ಕೂತಳು. ಲೈಲೂ ಅವನ ಕಡೆ ನೋಡಲಿಲ್ಲ.

"ಕೋಚ್, ನನ್ನದು ಇಲ್ಲಿ ಇಪ್ಪತ್ತೈದು ಅಂಗುಲ ಉಳಿದಿದೆ," ಎಂದ ಲೈಲ್. "ಓಡಿ ಮುಗಿಸ್ತೀನಿ."

"ನಡ್ಕೊಂಡು ಹೋಗಿ ಸರ್. ಯಾರು ಬೇಡ ಅಂದ್ರು?"

"ನಡ್ಕೊಂಡು ಹೋಗೋದಾದ್ರೆ ನಮ್ಮಕ್ಕನೂ ಹೋಗ್ತಾಳೆ. ಎದುರಿಗೆ ಜನ ನಿಲ್ಸಿ."

ಕೋಚ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ವಯಸ್ಸು?"

"ಐವತ್ತೆರಡು."

"ಮಂಡಿ?"

"ಎರಡಿವೆ."

ಕೋಚ್ ನೀರಿನ ಟ್ಯಾಂಕಿನ ಕಡೆ ಒಮ್ಮೆ ನೋಡಿದ. ಆಮೇಲೆ ಹೇಳಿದ, "ಎಲ್ಲರಿಗೂ ಎಷ್ಟೋ ನಿಮಗೂ ಅಷ್ಟೇ. ನಾಲ್ಕು ಯತ್ನ." ಹುಡುಗರ ಕಡೆ ತಿರುಗಿದ. "ಯಾರಾದ್ರೂ ಬಿಟ್ಟುಕೊಟ್ರೆ ಹತ್ತು ಸುತ್ತು. ನನಗೆ ಕಾಣುತ್ತೆ."

ಒಬ್ಬ ಹುಡುಗನ ಶಿರಸ್ತ್ರಾಣ ತೆಗೆದು ಲೈಲ್‌ನ ತಲೆಗೆ ತುರುಕಿದರು. ಎದುರಿಗೆ ಸಾಲು ನಿಂತಿತು. ನಡುವೆ ಟಾನರ್ ಎಂಬ ಹುಡುಗ, ಹಾಲು ಕುಡಿದು ಬೆಳೆದ ದೈತ್ಯ. ಅವನ ಅಪ್ಪನ ಜೋಳದ ಹೊಲಕ್ಕೆ ಆಲಿಕಲ್ಲಿನ ವಿಮೆ ಮಾಡಿಸಿದ್ದು ಲೈಲ್.

ಮೊದಲ ಯತ್ನದಲ್ಲಿ ಲೈಲ್ ಹಳೆಯ ಗೆರೆಯಿಂದ ತಲೆ ತಗ್ಗಿಸಿ ನುಗ್ಗಿ ಟಾನರ್‌ನ ಎದೆಗೆ ಬಡಿದು, ನುಗ್ಗಿದ ಜಾಗದಲ್ಲೇ ಕೂತ. "ಸಾರಿ, ಮಿಸ್ಟರ್ ಸ್ಟೋಸ್," ಎಂದ ಟಾನರ್. ಲವಾನ್ ಸೊನ್ನೆ ಬರೆದಳು.

ಎರಡನೆಯದರಲ್ಲಿ ಪಕ್ಕಕ್ಕೆ ವಾಲಿ ಸಂದಿಯೊಂದನ್ನು ಹುಡುಕಿಕೊಂಡ. ಕೋಚ್ ಟೇಪು ಹಿಡಿದು ಒಂಬತ್ತು ಅಂಗುಲ ಎಂದು ಕೂಗಿದ. ಲವಾನ್ ಒಂಬತ್ತು ಬರೆದಳು. ಹುಡುಗರಲ್ಲಿ ಒಬ್ಬ ಚಪ್ಪಾಳೆ ಹೊಡೆಯಲು ಹೋಗಿ, ತಾನು ಎದುರು ಪಕ್ಷದವನೆಂದು ನೆನಪಾಗಿ ಕೈ ಇಳಿಸಿದ.

ಮೂರನೆಯದರಲ್ಲಿ ಮಂಡಿ ಲಟಕ್ ಎಂದಿತು. ಬೆಂಚಿನವರೆಗೆ ಕೇಳಿಸಿತು. "ಸಾರಿ, ಮಿಸ್ಟರ್ ಸ್ಟೋಸ್." ಸೊನ್ನೆ.

ಆರ್ಲಿನ್‌ಗೆ ನೋಡಲು ಆಗಲಿಲ್ಲ, ನೋಡದಿರಲೂ ಆಗಲಿಲ್ಲ. ಓಡಿಹೋಗಿ ಆ ಹೊಸ ಗೆರೆಯನ್ನು ಅಂಗೈಯಿಂದ ಒರೆಸಿ ಹಿಂದಕ್ಕೆ ತರಬೇಕೆನ್ನಿಸಿತು. ಲೈಲ್ ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದ. ಶಿರಸ್ತ್ರಾಣದ ಒಳಗಿಂದ ಅವನ ಉಸಿರು ಸೀಳಿಕೊಂಡು ಬರುತ್ತಿತ್ತು.

"ಸಾಕು ಮಾಡೋಣವಾ?" ಕೋಚ್ ಕೇಳಿದ.

"ಇನ್ನೂ ಒಂದಿದೆ," ಎಂದ ಲೈಲ್.

ನಾಲ್ಕನೆಯದಕ್ಕೆ ಹದಿನಾರು ಅಂಗುಲ ಬೇಕಿತ್ತು. ಚೆಂಡು ಕೈಗೆ ಬಂದದ್ದೇ ಲೈಲ್ ಒಂದು ಸಲ ಕೂಗಿದ. ಮಾತಲ್ಲ, ಬರೀ ಕೂಗು. ಟಾನರ್ ಅವನ ಸೊಂಟ ಹಿಡಿದ, ಇನ್ನಿಬ್ಬರು ಹೆಗಲು ಹಿಡಿದರು, ನಾಲ್ಕನೆಯವನು ಮೇಲೆ ಬಿದ್ದ. ಯಾರೂ ಬಿಟ್ಟುಕೊಡಲಿಲ್ಲ. ಆ ರಾಶಿ ಒಂದು ಕ್ಷಣ ನಿಂತಲ್ಲೇ ನಿಂತು, ಆಮೇಲೆ ಉತ್ತರಕ್ಕೆ ಸ್ವಲ್ಪವೇ ಸ್ವಲ್ಪ ಜರುಗಿ ಉರುಳಿತು. ಎಲ್ಲಕ್ಕಿಂತ ಕೆಳಗಿಂದ ಲೈಲ್‌ನ ಎರಡು ಕೈ ಹೊರಗೆ ಬಂದಿದ್ದವು, ಕೈಗಳಲ್ಲಿ ಚೆಂಡಿತ್ತು.

"ಯಾರೂ ಅಲ್ಲಾಡ್ಬೇಡಿ," ಎಂದ ಕೋಚ್. "ಮಿಸ್ಟರ್ ಕುಬಿಕ್."

ಆರ್ಲಿನ್ ಬಂದು ಹಳೆಯ ಗೆರೆಯ ಮೇಲೆ ಮಂಡಿಯೂರಿ ತುದಿ ಹಿಡಿದ. ಕೋಚ್ ಚೆಂಡಿನ ಮೂತಿಯವರೆಗೆ ಟೇಪು ಎಳೆದು ಬಗ್ಗಿದ. ಆರ್ಲಿನ್ ಇದ್ದಲ್ಲಿಂದಲೇ ನೋಡಿದ. ಚೆಂಡಿಗೂ ಹೊಸ ಗೆರೆಗೂ ನಡುವೆ ಹುಲ್ಲು ಕಾಣುತ್ತಿತ್ತು. ಹೆಬ್ಬೆಟ್ಟಿನ ಅಗಲ. ಇಪ್ಪತ್ತನಾಲ್ಕು.

ಕೋಚ್ ಎರಡು ಸಲ ಓದಿದ. ಮೂರನೆಯ ಸಲವೂ ಓದಿದ. ಟೇಪು ಏನನ್ನೂ ಬದಲಾಯಿಸಲಿಲ್ಲ.

"ಎಷ್ಟು, ಕೋಚ್?" ಬೆಂಚಿನಿಂದ ಲವಾನ್ ಕೇಳಿದಳು.

ಕೋಚ್ ಎದ್ದು ನಿಂತ. ಒಂದು ಚಿಟಿಕೆ ಹುಲ್ಲು ಕಿತ್ತು, ಕೈ ಎತ್ತಿ ಬಿಟ್ಟ. ಹುಲ್ಲು ನೇರವಾಗಿ ಅವನ ಬೂಟಿನ ಮೇಲೆ ಬಿತ್ತು. ಎಲ್ಲರೂ ನೋಡಿದರು.

"ಎದುರು ಗಾಳಿ ಇತ್ತು," ಎಂದ ಕೋಚ್. "ಇಪ್ಪತ್ತೈದು ಬರ್ಕೊಳ್ಳಿ, ಮೇಡಂ."

ಲವಾನ್ ಪೆನ್ಸಿಲನ್ನು ನಾಲಿಗೆಗೆ ತಾಗಿಸಿಕೊಂಡು ಒತ್ತಿ ಬರೆದಳು. ಕೋಚ್ ಸೊಂಟದಿಂದ ಟೇಪಿನ ಪಟ್ಟಿ ಬಿಚ್ಚಿ ಆರ್ಲಿನ್ ಕೈಗೆ ಕೊಟ್ಟ, ಟೋಪಿ ತೆಗೆದು ಅದರ ಮೇಲಿಟ್ಟ, ಮೈದಾನದ ಅಂಚಿಗೆ ಹೋಗಿ ಓಡಲು ಶುರು ಮಾಡಿದ.

ಹುಡುಗರು ಒಬ್ಬೊಬ್ಬರಾಗಿ ಎದ್ದರು. ಲೈಲ್ ಮಲಗಿದಲ್ಲೇ ಹೊರಳಿ ಕೂತು, ಶಿರಸ್ತ್ರಾಣ ಕಿತ್ತು ಪಕ್ಕಕ್ಕಿಟ್ಟ. ಒಳಗೆ ಅವನಿಗೆ ಏನೂ ಸರಿಯಾಗಿ ಕೇಳಿಸಿರಲಿಲ್ಲ. ದೂರದಲ್ಲಿ ಒಬ್ಬನೇ ಓಡುತ್ತಿದ್ದ ಕೋಚ್‌ನನ್ನು ನೋಡಿದ. ಆಮೇಲೆ, ಕೆಫೆಯಿಂದ ಎದ್ದುಹೋದ ಮೇಲೆ ಮೊದಲ ಸಲ, ಆರ್ಲಿನ್‌ನ ಮುಖ ನೋಡಿದ.

"ಗಾಳಿ ಅಂದ್ರಾ?"

"ಅಂದ್ರು," ಎಂದ ಆರ್ಲಿನ್.

ಮೈದಾನದಾಚೆ ಹಳೆಯ ಕಾಟನ್‌ವುಡ್ ಮರವಿತ್ತು. ಯಾರಾದರೂ ಪಕ್ಕದಲ್ಲಿ ನಿಟ್ಟುಸಿರು ಬಿಟ್ಟರೂ ಎಲೆ ಪಟಪಟ ಎನ್ನುವ ಮರ ಅದು. ಲೈಲ್ ಅದನ್ನು ತುಂಬಾ ಹೊತ್ತು ನೋಡಿದ. ಒಂದೆಲೆಯೂ ಅಲುಗುತ್ತಿರಲಿಲ್ಲ.

"ಜೋರಾಗೇ ಇದೆ," ಎಂದು, ಎಬ್ಬಿಸು ಎನ್ನುವಂತೆ ಆರ್ಲಿನ್ ಕಡೆ ಕೈ ಚಾಚಿದ.